ಮಹಡಿಯಿಂದ ರಾಕೆಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶ್ರೀಹರಿಕೋಟಾದಿಂದ ರಾತ್ರಿ ಹಾರುವ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ ಬೆಂಗಳೂರಿಗೂ ಕಾಣುತ್ತದಂತೆ. ಎರಡು ಸಲ ಯೂಟ್ಯೂಬ್‌ನಲ್ಲಿ ರಾಕೆಟ್ ಮೇಲೆದ್ದದ್ದು ನೋಡಿ ಮಹಡಿಗೆ ಓಡಿದೆವು, ಏನೂ ಕಾಣಲಿಲ್ಲ. ಏಕೆ?

ಉತ್ತರ: ನೇರಪ್ರಸಾರವನ್ನು ನಂಬಿದ್ದಕ್ಕೆ. ಅದು ಮೊಬೈಲಿಗೆ ತಲುಪುವಷ್ಟರಲ್ಲಿ ಅರ್ಧ ನಿಮಿಷವೂ ತಡವಾಗಿರಬಹುದು. ನಿಮಗೆ ನೋಡಲು ಸಿಗುವುದೇ ಒಂದು ನಿಮಿಷಕ್ಕಿಂತ ಕಡಿಮೆ! ಉಡಾವಣಾ ಕೇಂದ್ರ ಬೆಂಗಳೂರಿನಿಂದ ನೇರ ಗೆರೆಯಲ್ಲಿ ಸುಮಾರು 300 ಕಿ.ಮೀ. ದೂರ. ರಾಕೆಟ್ಟಿನ ಮೊದಲ 6 ಕಿ.ಮೀ. ಏರಿಕೆ ಭೂಮಿಯ ಉಬ್ಬಿನ ಮರೆಯಲ್ಲೇ ಮುಗಿಯುತ್ತದೆ. ಕಟ್ಟಡ, ಧೂಳು, ಮಬ್ಬು ಇನ್ನಷ್ಟನ್ನು ನುಂಗುತ್ತವೆ. ಹಾಗಾಗಿ ಅದು ಕಣ್ಣಿಗೆ ಬೀಳುವುದು ಹಾರಿದ ಒಂದು ನಿಮಿಷದ ಆಸುಪಾಸಿನಲ್ಲಿ. ಸುಮಾರು 110ನೇ ಸೆಕೆಂಡಿಗೆ ಮೊದಲ ಹಂತ ಉರಿದು ಮುಗಿಯುತ್ತದೆ. ಅದರ ಘನ ಇಂಧನದಲ್ಲಿ ಅಲ್ಯೂಮಿನಿಯಂ ಪುಡಿ ಇರುವುದರಿಂದಲೇ ಅಷ್ಟು ಹೊಳಪು. ಎರಡನೇ ಹಂತದ ದ್ರವ ಇಂಧನದ ಜ್ವಾಲೆ ಮಂಕು, ನಗರದ ಬೆಳಕಿನಲ್ಲಿ ಹುಡುಕಬೇಡಿ.

ಮೊಬೈಲ್ ದಿಕ್ಸೂಚಿಯಲ್ಲಿ 75 ಡಿಗ್ರಿಗೆ, ಅಂದರೆ ಪೂರ್ವದಿಂದ ತುಸು ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ನೆತ್ತಿ ನೋಡುವವರೇ ಹೆಚ್ಚು. ಅದು ಏರುವುದು ಚಾಚಿದ ಕೈಯ ಒಂದು ಮುಷ್ಟಿಯಷ್ಟು, ಸುಮಾರು 10 ಡಿಗ್ರಿ. ಕಿತ್ತಳೆ ಬಣ್ಣದ ಚುಕ್ಕಿ, ಬಲಕ್ಕೆ ಸರಿಯುತ್ತಾ ಏರುತ್ತದೆ. ಗಡಿಯಾರವನ್ನೇ ನೆಚ್ಚಿಕೊಳ್ಳಿ, ಆದರೆ ಉಡಾವಣೆಯ ಸಮಯ ಬದಲಾಗಿದೆಯೇ ಎಂದು ಕೊನೆಯ ಗಂಟೆಯಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ: 2024ರ ಡಿಸೆಂಬರ್ 30ರಂದು ರಾತ್ರಿ 9:58ಕ್ಕೆ ಹಾರಬೇಕಿದ್ದ ಪಿಎಸ್‌ಎಲ್‌ವಿ-ಸಿ60 ಹಾರಿದ್ದು 10 ಗಂಟೆಗೆ.

ಪ್ರಶ್ನೆ: ರಾಕೆಟ್ಟಿನ ಫೋಟೋಗೆಂದು ಎರಡು ನಿಮಿಷ ಕ್ಯಾಮೆರಾದ ಶಟರ್ ತೆರೆದಿಟ್ಟೆ. ಇಡೀ ಆಕಾಶ ಕೆಂಪಗೆ ಬಂತು, ರಾಕೆಟ್ಟಿನ ಗೆರೆಯೇ ಇಲ್ಲ.

ಉತ್ತರ: ಬೀದಿದೀಪಗಳ ಬೆಳಕು ಗೆರೆಯನ್ನು ಮುಳುಗಿಸಿದೆ. 8 ಸೆಕೆಂಡಿನ ಫ್ರೇಮುಗಳನ್ನು ಸಾಲಾಗಿ ತೆಗೆಯಿರಿ: ಐಎಸ್‌ಒ 400, ಅಪರ್ಚರ್ ಎಫ್/4, ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಗೆ 50 ಎಂ.ಎಂ. ಲೆನ್ಸ್, ಚಿಕ್ಕ ಸೆನ್ಸರಿನದಾದರೆ 35. ಕಂಟಿನ್ಯುಯಸ್ ಮೋಡಿಗೆ ಹಾಕಿ ರಿಮೋಟಿನ ಗುಂಡಿಯನ್ನು ಲಾಕ್ ಮಾಡಿ. ಇಂಟರ್ವಲ್ ಟೈಮರ್ ಬಳಸಿದರೆ ನಡುವಿನ ಬಿಡುವಿನಲ್ಲಿ ಗೆರೆ ತುಂಡಾಗುತ್ತದೆ. ಆಮೇಲೆ ಎಡಿಟಿಂಗ್ ತಂತ್ರಾಂಶದಲ್ಲಿ ಫ್ರೇಮುಗಳನ್ನು 'ಲೈಟನ್' ವಿಧಾನದಲ್ಲಿ (ಪ್ರತಿ ಬಿಂದುವಿನಲ್ಲೂ ಹೆಚ್ಚು ಬೆಳಗಿದ್ದನ್ನಷ್ಟೇ ಉಳಿಸುವುದು) ಒಂದರ ಮೇಲೊಂದು ಕೂಡಿಸಿ.

ಕ್ಯಾಮೆರಾದ 'ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್' ಆಫ್ ಆಗಿರಲೇಬೇಕು. ಇಲ್ಲವಾದರೆ ಪ್ರತಿ 8 ಸೆಕೆಂಡಿನ ಚಿತ್ರದ ನಂತರ ಅದು ಇನ್ನೂ 8 ಸೆಕೆಂಡ್ ಶಟರ್ ಮುಚ್ಚಿ ಕೂರುತ್ತದೆ. ಅರ್ಧ ರಾಕೆಟ್ ಅಲ್ಲಿಗೇ ಹೋಯಿತು. ದೂರದ ದೀಪಕ್ಕೆ ಫೋಕಸ್ ಮಾಡಿ ಮ್ಯಾನುಯಲ್‌ಗೆ ತಿರುಗಿಸಿಬಿಡಿ. ಟ್ರೈಪಾಡ್ ಮೇಲೆ ಸ್ಟೆಬಿಲೈಸರ್ ಬೇಡ.

ಪ್ರಶ್ನೆ: ನಾವಿರುವುದು ಚೆನ್ನೈನಲ್ಲಿ. ಇದೇ ಲೆಕ್ಕ ನಡೆಯುತ್ತದೆಯೇ?

ಉತ್ತರ: ಇಲ್ಲ. ನಿಮಗೆ ಕೇಂದ್ರ ಉತ್ತರಕ್ಕೆ 70 ಕಿ.ಮೀ. ಅಷ್ಟೇ, ಬೆಳಕು ಬೆಂಗಳೂರಿಗಿಂತ ಸುಮಾರು 18 ಪಟ್ಟು ಪ್ರಖರ. 24 ಎಂ.ಎಂ. ಲೆನ್ಸ್, ಐಎಸ್‌ಒ 100, ಎಫ್/11, ಬಲ್ಬ್ ಮೋಡಿನಲ್ಲಿ (ಗುಂಡಿ ಒತ್ತಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ) 150 ಸೆಕೆಂಡ್: ಒಂದೇ ಚಿತ್ರದಲ್ಲಿ ಇಡೀ ಕಮಾನು. ಸದ್ದು ಬಂದರೂ ಮೂರೂವರೆ ನಿಮಿಷದ ಮೇಲೆ.