ಅಪ್‌ಗ್ರೇಡ್ ಟೈಮಲ್ಲಿ ಬಂದ ಮೆಸೇಜು ಎಲ್ಲೂ ಹೋಗಿಲ್ಲ, ಫಾರ್ಮ್ಯಾಟ್ ಮಾಡ್ಬೇಡಿ

ಅಣ್ಣಾ, ದಯವಿಟ್ಟು ಫಾರ್ಮ್ಯಾಟ್ ಮಾಡ್ಬೇಡಿ. ಮೇಲೆ ಆ ಸಲಹೆ ಕೊಟ್ಟ ತಮ್ಮನಿಗೂ ಹೇಳ್ತೀನಿ, ಇನ್ನೊಬ್ಬರ ವರ್ಷಗಟ್ಟಲೆ ಲೆಕ್ಕ ಇರೋ ಮಿಷಿನ್‌ಗೆ ಆ ಮಾತು ಅಷ್ಟು ಸಲೀಸಾಗಿ ಹೇಳಬಾರದು. ನೀವು ಬರೆದಿರೋದು ನನಗೆ ಅರ್ಥ ಆಗಿದ್ದು ಇಷ್ಟು: ಶಿಡ್ಲಘಟ್ಟದ ರೀಲಿಂಗ್ ಯೂನಿಟ್‌ನ ಲೆಕ್ಕದ ಕಂಪ್ಯೂಟರು, ಡೆಬಿಯನ್ ಅನ್ನೋ ಲಿನಕ್ಸ್‌ನ 12ರಿಂದ 13ಕ್ಕೆ ಹೋದ್ರಿ, ಮಧ್ಯದಲ್ಲಿ ನೀಲಿ ಪರದೆ ಮೇಲೆ ಲೆಕ್ಕ ಕೂತಿರೋ ಡೇಟಾಬೇಸ್ ಪೋಸ್ಟ್‌ಗ್ರೆಸ್ ಬಗ್ಗೆ ಉದ್ದದ ಮೆಸೇಜ್ ಬಂತು, ಓಕೆ ಒತ್ತಿ ಮುಂದೆ ಹೋದ್ರಿ. ಆಮೇಲೆ ಪಟ್ಟಿಯಲ್ಲಿ ಪೋಸ್ಟ್‌ಗ್ರೆಸ್‌ನ ಹಳೇ ವರ್ಷನ್ 15, ಹೊಸದು 17 ಎರಡೂ ಕಂಡು, ಹೊಸದೇ ಸರಿ ಅಂದ್ಕೊಂಡು 15 ನಿಲ್ಲಿಸಿ ಸಾಫ್ಟ್‌ವೇರನ್ನ ಹೊಸದರ ಪೋರ್ಟ್ (ಡೇಟಾಬೇಸ್‌ಗೆ ಹೋಗೋ ಬಾಗಿಲ ನಂಬರ್) 5433ಕ್ಕೆ ತಿರುಗಿಸಿದ್ರಿ. ಈಗ ಗೂಡು ಖರೀದಿ ಲೆಕ್ಕ ಒಂದೂ ಕಾಣ್ತಿಲ್ಲ. ಆ ಓಕೆ ನಾನೂ ಹಿಂದೆ ಒತ್ತಿದವನೇ, ಅದಕ್ಕೇ ಬಸ್ಸಲ್ಲಿ ಕೂತು ಇಷ್ಟುದ್ದ ಬರೀತಿದೀನಿ. ಫೋನಲ್ಲಿ ಕನ್ನಡ ಕೀಬೋರ್ಡ್ ಇದೆ, ಕಮಾಂಡ್‌ಗಳನ್ನ ಹೇಳಿದ ಹಾಗೆ ಓದ್ಕೊಂಡು ಟರ್ಮಿನಲ್‌ನಲ್ಲಿ ಇಂಗ್ಲಿಷಲ್ಲಿ ಹೊಡೀರಿ.

ನಿಮ್ಮ ಡೇಟಾ ಪೂರ್ತಿ 15ರಲ್ಲೇ ಇದೆ. ಡೆಬಿಯನ್ ದೊಡ್ಡ ಅಪ್‌ಗ್ರೇಡ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾನ ತಾನಾಗಿ ಸಾಗಿಸೋದಿಲ್ಲ. ಹಳೇ ಕ್ಲಸ್ಟರ್ (ಒಂದು ವರ್ಷನ್‌ನ ಡೇಟಾಬೇಸ್‌ಗಳ ಕಟ್ಟು) ಇದ್ದಲ್ಲೇ 5432ರಲ್ಲಿ ಬಿಟ್ಟು, ಪಕ್ಕದಲ್ಲಿ ಹೊಸ ವರ್ಷನ್‌ಗೆ ಖಾಲಿ ಕ್ಲಸ್ಟರ್ ಒಂದನ್ನ 5433ರಲ್ಲಿ ಮಾಡಿಡುತ್ತೆ. ಸಾಗಿಸೋ ಕೆಲಸ ನಮ್ಮದು, ಆ ನೀಲಿ ಪರದೆ ಹೇಳಿದ್ದೂ ಅದನ್ನೇ. ಪಿಜಿ ಅಂಡರ್‌ಸ್ಕೋರ್ ಎಲ್‌ಎಸ್ ಕ್ಲಸ್ಟರ್ಸ್ ಕಮಾಂಡ್ ಹೊಡೆದು ನೋಡಿ, 15ರ ಸಾಲು ಕೆಂಪಲ್ಲಿ ಡೌನ್ ಅಂತ ಇರುತ್ತೆ, 17ರದ್ದು ಹಸಿರಲ್ಲಿ ಆನ್‌ಲೈನ್. ಮೊದಲು 15ನ್ನ ಸ್ಟಾರ್ಟ್ ಮಾಡಿ, ಪಿಜಿ ಅಂಡರ್‌ಸ್ಕೋರ್ ಡಂಪ್‌ಆಲ್‌ನಲ್ಲಿ ಎರಡೂ ಪೋರ್ಟ್‌ನದ್ದು ಬೇರೆ ಬೇರೆ ಡಂಪ್ (ಪೂರ್ತಿ ಡೇಟಾದ ನಕಲು ಫೈಲ್) ತೆಗೆದು ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ. ಎರಡೂ ಯಾಕೆ ಅಂದ್ರೆ, ಕೆಲವು ಬಿಲ್ಲಿಂಗ್ ಸಾಫ್ಟ್‌ವೇರ್ ಖಾಲಿ ಡೇಟಾಬೇಸ್ ಸಿಕ್ಕಿದ್ರೆ ತಾನೇ ಟೇಬಲ್ ಕಟ್ಕೊಂಡು ಶುರು ಮಾಡಿಬಿಡುತ್ತೆ. ನಿನ್ನೆಯಿಂದ ಹುಡುಗರು ಅದರಲ್ಲೇ ಬಿಲ್ ಹಾಕಿದ್ರೆ ಅವು 17ರಲ್ಲಿ ಕೂತಿರ್ತವೆ. ಅವನ್ನ ನೋಡ್ಕೊಂಡು ಕೈಯಲ್ಲೇ ಮತ್ತೆ ಎಂಟ್ರಿ ಮಾಡ್ಬೇಕಾಗುತ್ತೆ, ಹಾಗಾಗಿ ಒಂದು ಪ್ರಿಂಟ್ ತೆಗೆದಿಡಿ.

ಅದಾದ್ಮೇಲೆ 17ನ್ನ ಅಳಿಸೋ ಕಮಾಂಡ್, ಪಿಜಿ ಅಂಡರ್‌ಸ್ಕೋರ್ ಡ್ರಾಪ್‌ಕ್ಲಸ್ಟರ್, ಮೈನಸ್ ಮೈನಸ್ ಸ್ಟಾಪ್, 17, ಮೈನ್. ನಂಬರ್ ಜೋರಾಗಿ ಓದಿ ಎಂಟರ್ ಹೊಡೀರಿ, 17 ಬದಲು 15 ಬಿದ್ರೆ ಪೆನ್‌ಡ್ರೈವ್ ಡಂಪ್ ಒಂದೇ ಗತಿ. ಮುಂದಿನದು 15ರ ಡೇಟಾನ 17ಕ್ಕೆ ಸಾಗಿಸೋ ಪಿಜಿ ಅಂಡರ್‌ಸ್ಕೋರ್ ಅಪ್‌ಗ್ರೇಡ್‌ಕ್ಲಸ್ಟರ್, 15, ಮೈನ್. ಇದು ಡಂಪ್ ತೆಗೆದು ಹೊಸದಕ್ಕೆ ತುಂಬೋ ರೀತಿ ಕೆಲಸ ಮಾಡುತ್ತೆ, ಡಿಸ್ಕ್‌ನಲ್ಲಿ ಎರಡು ಪ್ರತಿಗೂ ಜಾಗ ಬೇಕು. ಮುಗಿದ ಮೇಲೆ 5432 ಪೋರ್ಟ್ ಹೊಸದಕ್ಕೇ ಬರುತ್ತೆ, ಅದಕ್ಕೇ ಸಾಫ್ಟ್‌ವೇರ್‌ನಲ್ಲಿ ತಿರುಗಿಸಿದ್ದನ್ನ ವಾಪಸ್ 5432 ಮಾಡಿ. ಹಳೇ 15ನ್ನ ತಕ್ಷಣ ತೆಗೀಬೇಡಿ. ಒಂದು ಜಿಎಸ್‌ಟಿ ರಿಟರ್ನ್ ಹೋಗೋ ತನಕ ಇರಲಿ. ಯಾರಾದ್ರೂ ಲಿಂಕ್ ಇಲ್ಲಾ ಅಪ್‌ಗ್ರೇಡ್ ಅನ್ನೋ ಮೆಥಡ್ ಹಾಕಿ, ಬೇಗ ಆಗುತ್ತೆ ಅಂದ್ರೆ ಕೇಳ್ಬೇಡಿ. ಅದರಲ್ಲಿ ಇಂಡೆಕ್ಸ್ (ಬೇಗ ಹುಡುಕೋಕೆ ಇಟ್ಟ ಪಟ್ಟಿ) ಹಾಗ್ಹಾಗೇ ಬರುತ್ತೆ. ಜೀಲಿಬ್‌ಸಿ ಅನ್ನೋ ಸಿಸ್ಟಮ್‌ನ ಮೂಲ ಲೈಬ್ರರಿ ಬದಲಾದಾಗ ಅಕ್ಷರಗಳ ಕ್ರಮ ಬದಲಾಗಬಹುದು, 2018ರಲ್ಲಿ ಬಂದ ಅದರ 2.28 ವರ್ಷನ್‌ನಲ್ಲಿ ಹಾಗೇ ಆಯ್ತು. ಆ ಮೇಲೆ ರೀಇಂಡೆಕ್ಸ್ ಮಾಡದೆ ಇದ್ರೆ ರೈತರ ಹೆಸರು ಟೇಬಲ್‌ನಲ್ಲಿ ಇದ್ರೂ ಹುಡುಕಿದಾಗ ಸಿಗದೇ ಹೋಗಬಹುದು. ಕೊಲೇಶನ್ ವರ್ಷನ್ ಮಿಸ್‌ಮ್ಯಾಚ್ ಅಂತ ವಾರ್ನಿಂಗ್ ಬಂದ್ರೆ ಅದು ಇದೇ ವಿಷಯ. ಮೊದಲು ರೀಇಂಡೆಕ್ಸ್, ಆಮೇಲೆ ರಿಫ್ರೆಶ್ ಕೊಲೇಶನ್ ವರ್ಷನ್. ಉಲ್ಟಾ ಮಾಡಿದ್ರೆ ವಾರ್ನಿಂಗ್ ಹೋಗುತ್ತೆ, ರೋಗ ಉಳ್ಕೊಳ್ಳುತ್ತೆ.

ಈಗ ಅಸಲು ವಿಷಯ. "ಮೆಸೇಜ್ ಓಡೋಯ್ತು, ಏನಿತ್ತೋ ಗೊತ್ತಿಲ್ಲ" ಅಂತ ಈ ಗುಂಪಲ್ಲಿ ವಾರಕ್ಕೊಬ್ಬರು ಬರೀತಾರೆ. ಓಡಿಹೋಗಿಲ್ಲ ಸ್ವಾಮಿ. ವಾರ್ ಒಳಗೆ ಲಾಗ್, ಅದರೊಳಗೆ ಆಪ್ಟ್ (ಸಾಫ್ಟ್‌ವೇರ್ ಇಳಿಸಿ ಹಾಕೋ ಪ್ರೋಗ್ರಾಂ) ಫೋಲ್ಡರ್, ಅಲ್ಲಿ ಟರ್ಮ್ ಡಾಟ್ ಲಾಗ್. ಪರದೆ ಮೇಲೆ ಪ್ಯಾಕೇಜ್‌ಗಳು (ಇನ್‌ಸ್ಟಾಲ್ ಆಗೋ ಸಾಫ್ಟ್‌ವೇರ್ ಕಟ್ಟುಗಳು) ಉದುರಿಸಿದ ಪ್ರತಿ ಸಾಲೂ ಅಲ್ಲಿರುತ್ತೆ. ತಿಂಗಳಿಗೊಮ್ಮೆ ಸುತ್ತಿ ಜೀಜಿಪ್ ಮಾಡಿಡುತ್ತೆ, 12 ಹಳೇವು ಉಳಿದಿರ್ತವೆ, ಜೆಡ್‌ಲೆಸ್ ಕಮಾಂಡ್‌ನಲ್ಲಿ ಓದಬಹುದು. ಪಕ್ಕದ ಹಿಸ್ಟರಿ ಡಾಟ್ ಲಾಗ್‌ನಲ್ಲಿ ಯಾವ ಪ್ಯಾಕೇಜ್ ಯಾವ ವರ್ಷನ್‌ನಿಂದ ಯಾವುದಕ್ಕೆ ಹೋಯ್ತು ಅನ್ನೋದಿರುತ್ತೆ. ನೀಲಿ ಪರದೆಯದ್ದು ಮಾತ್ರ ಟರ್ಮ್ ಲಾಗ್‌ನಲ್ಲಿ ಕಲಸು ಮೇಲೋಗರ ಆಗಿ ಕಾಣುತ್ತೆ. ಅದರ ಪೂರ್ತಿ ಪಠ್ಯ ಬೇಕಂದ್ರೆ ವಾರ್, ಲಿಬ್, ಡಿಪಿಕೆಜಿ, ಇನ್ಫೋ ಫೋಲ್ಡರ್‌ನಲ್ಲಿ ಆ ಪ್ಯಾಕೇಜ್ ಹೆಸರಿನ ಟೆಂಪ್ಲೇಟ್ಸ್ ಫೈಲ್ ನೋಡಿ. ನಿಮ್ಮದು ಪೋಸ್ಟ್‌ಗ್ರೆಸ್ಕ್ಯುಎಲ್ ಕಾಮನ್ ಟೆಂಪ್ಲೇಟ್ಸ್. ಈಗಲೇ ತೆಗೆದು ಓದಿ, ನಾನು ಮೇಲೆ ಬರೆದಿದ್ದೇ ಅಲ್ಲಿರುತ್ತೆ.

ಓದೋದು ಒಂದು, ನೆನಪಿಟ್ಟು ಮಾಡೋದು ಇನ್ನೊಂದು. ನೂರಾರು ಪ್ಯಾಕೇಜ್ ಇಳಿಯುತ್ತೆ, ಅದರಲ್ಲಿ ನಮ್ಮ ಕೈಯಿಂದ ಕೆಲಸ ಕೇಳೋವು ಬೆರಳೆಣಿಕೆ. ಅವನ್ನ ಅವತ್ತೇ ಹೆಕ್ಕಿ ಬರೆದಿಡದೆ ಇದ್ರೆ ಮೂರು ತಿಂಗಳಾದ್ಮೇಲೆ ರೀಬೂಟ್ ಆದ ದಿನ ಏನೋ ಕೈಕೊಡುತ್ತೆ, ಆಗ ಕಾರಣ ಗೊತ್ತಾಗಲ್ಲ. ಹಾಗಾಗಿ ನಾನು ಬಾಕಿ ಪುಸ್ತಕ ಇಟ್ಟಿದೀನಿ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಯಾರ್ಯಾರಿಂದ ಎಷ್ಟು ಬರಬೇಕು ಅಂತ ಬರೆದಿಡ್ತಾರಲ್ಲ, ಹಾಗೆ ಯಾವ ಪ್ಯಾಕೇಜ್‌ಗೆ ಯಾವ ಕೆಲಸ ಬಾಕಿ ಅಂತ. ರಟ್ಟಿನ ಬೈಂಡಿಂಗ್ ಇರೋ ಗೆರೆ ಪುಸ್ತಕ ತಗೊಳ್ಳಿ. ಕ್ಲಾಸ್‌ಮೇಟ್ ಚೆನ್ನಾಗಿದೆ, ಸ್ಪೈರಲ್ ಬೇಡ, ಹಾಳೆ ಕಿತ್ತು ಬರುತ್ತೆ. ಒಂದೊಂದು ಮಿಷಿನ್‌ಗೆ ಒಂದಿಷ್ಟು ಪುಟ. ಎಡಗಡೆ ತಾರೀಖು, ಯಾವ ವರ್ಷನ್‌ನಿಂದ ಎಲ್ಲಿಗೆ. ಬಲಗಡೆ ಪ್ಯಾಕೇಜ್ ಹೇಳಿದ್ದು ಏನು ಅನ್ನೋದು ನಿಮ್ಮ ಮಾತಲ್ಲಿ, ಅದರ ಮುಂದೆ ಒಂದು ಚೌಕ. ಕೆಲಸ ಮಾಡಿ, ಆಗಿದೆಯೋ ಇಲ್ಲವೋ ಪರೀಕ್ಷೆ ಮಾಡಿದ್ಮೇಲೇ ಚೌಕಕ್ಕೆ ಟಿಕ್. ಚೌಕ ಖಾಲಿ ಇರೋ ತನಕ ಅಂಗಡಿಯವರಿಗೆ ಮಿಷಿನ್ ಆಯ್ತು ಅಂತ ಹೇಳೋದಿಲ್ಲ.

ಹೆಕ್ಕೋ ವಿಧಾನ ಹೇಳ್ತೀನಿ. ಟರ್ಮ್ ಲಾಗ್‌ನ, ಸಾಲು ಹುಡುಕೋ ಗ್ರೆಪ್ ಕಮಾಂಡ್‌ಗೆ ಮೈನಸ್ ವಿ ಜೊತೆ ಹಾಕಿ, ಪ್ರಿಪೇರಿಂಗ್, ಅನ್‌ಪ್ಯಾಕಿಂಗ್, ಸೆಲೆಕ್ಟಿಂಗ್, ಸೆಟ್ಟಿಂಗ್ ಅಪ್, ಪ್ರೊಸೆಸಿಂಗ್ ಟ್ರಿಗರ್ಸ್ ಅಂತ ಶುರುವಾಗೋ ಸಾಲೆಲ್ಲ ಬಿಟ್ಟು ಉಳಿದಿದ್ದು ನೋಡಿ. ಅಷ್ಟು ದೊಡ್ಡ ಲಾಗ್ ಕುಗ್ಗಿ ಕಣ್ಣಾಡಿಸೋ ಅಷ್ಟಕ್ಕೆ ಬರುತ್ತೆ. ಸೆಟ್ಟಿಂಗ್ ಅಪ್ ಸಾಲು ಹೋದ್ರೆ ಯಾವ ಪ್ಯಾಕೇಜ್ ಮಾತಾಡಿದ್ದು ಅಂತ ಗೊತ್ತಾಗಲ್ಲ, ಅದಕ್ಕೆ ಅನುಮಾನ ಬಂದ ಸಾಲನ್ನ ಪೂರ್ತಿ ಲಾಗ್‌ನಲ್ಲಿ ಹುಡುಕಿ ಅದರ ಮೇಲಿನ ಸಾಲು ಓದ್ಕೊಳ್ಳಿ. ಇದು ಆದ್ಮೇಲಿನ ಮಾತು. ಮುಂಚೆ ಓದೋಕೆ ಆಪ್ಟ್ ಲಿಸ್ಟ್‌ಚೇಂಜಸ್ ಹಾಕ್ಕೊಳ್ಳಿ. ಉಬುಂಟುನಲ್ಲಿ ತಾನಾಗಿ ಬಂದಿರಲ್ಲ, ನಾವೇ ಹಾಕ್ಬೇಕು. ಹಳೇದು ಹೊಸದರ ನಡುವೆ ಮುಖ್ಯವಾಗಿ ಏನು ಬದಲಾಯ್ತು ಅನ್ನೋ ನ್ಯೂಸ್ ಫೈಲ್ ತೋರಿಸುತ್ತೆ. ಸೆಟ್ಟಿಂಗ್‌ನಲ್ಲಿ ನ್ಯೂಸ್ ಮಾತ್ರ ಇರಲಿ, ಚೇಂಜ್‌ಲಾಗ್ ಸೇರಿಸಿದ್ರೆ ರಾಶಿ ಬಿದ್ದು ಯಾರೂ ಓದಲ್ಲ. ಕನ್ಫರ್ಮ್ ಅನ್ನೋದನ್ನ ಟ್ರೂ ಮಾಡಿ, ಓದಿದ್ಮೇಲೆ ಮುಂದುವರೀಲಾ ಅಂತ ಕೇಳುತ್ತೆ. ಮೇಲ್ ಕಳಿಸೋ ಸೌಕರ್ಯವೂ ಇದೆ, ಆದ್ರೆ ಮಿಷಿನ್‌ನಲ್ಲಿ ಮೇಲ್ ವ್ಯವಸ್ಥೆನೇ ಇಲ್ಲದಿದ್ರೆ ಏನೂ ಬರಲ್ಲ, ಅದನ್ನ ನಂಬ್ಕೊಂಡು ಕೂರಬೇಡಿ.

ಇದನ್ನೆಲ್ಲ ಕಂಪ್ಯೂಟರ್‌ನಲ್ಲೇ ಟೈಪ್ ಮಾಡಿಟ್ರೆ ಆಗಲ್ವಾ ಅಂತ ಹುಡುಗರು ಕೇಳ್ತಾರೆ. ಬೂಟ್ ಆಗದ ದಿನ ಆ ಫೈಲ್ ಒಳಗೇ ಇರುತ್ತಲ್ಲಪ್ಪಾ. ಪುಸ್ತಕದ ಜೊತೆಗೆ ಎಟ್ಸಿ‌ಕೀಪರ್ ಹಾಕಿ, ಬೇಡ ಅನ್ನಲ್ಲ. ಸೆಟ್ಟಿಂಗ್ ಫೈಲ್‌ಗಳಿರೋ ಎಟ್ಸಿ ಫೋಲ್ಡರ್ ಪೂರ್ತಿ ಗಿಟ್ ಅನ್ನೋ ಬದಲಾವಣೆ ದಾಖಲೆಯಲ್ಲಿಟ್ಟು ಆಪ್ಟ್ ಓಡೋ ಮುಂಚೆ ಹಾಗೂ ಆಮೇಲೆ ತಾನೇ ಕಮಿಟ್ ಮಾಡುತ್ತೆ. ಏನು ಬದಲಾಯ್ತು ಅನ್ನೋದು ಅದು ಹೇಳುತ್ತೆ, ಏನು ಮಾಡ್ಬೇಕು ಅನ್ನೋದು ಪುಸ್ತಕ ಹೇಳುತ್ತೆ.

ನನ್ನ ಪುಸ್ತಕದಲ್ಲಿ 13ಕ್ಕೆ ಹೋದವರ ಪುಟದಲ್ಲಿ ಇರೋವು ಕೆಲವು ನಿಮಗೂ ಬೇಕಾಗುತ್ತೆ. ಟೆಂಪ್ ಫೋಲ್ಡರ್ ಈಗ ರ‍್ಯಾಮ್‌ನಲ್ಲಿ ಕೂರುತ್ತೆ, ಅರ್ಧ ರ‍್ಯಾಮ್ ತನಕ ತಗೊಳ್ಳಬಹುದು, ರೀಬೂಟ್ ಆದ್ರೆ ಖಾಲಿ. ರಾತ್ರಿ ಡಂಪ್‌ನ ಟೆಂಪ್‌ನಲ್ಲಿಟ್ಟು ಬೆಳಿಗ್ಗೆ ಪೆನ್‌ಡ್ರೈವ್‌ಗೆ ಹಾಕೋ ಸ್ಕ್ರಿಪ್ಟ್ ಇದ್ರೆ ಇವತ್ತೇ ಜಾಗ ಬದಲಿಸಿ. ಡಿಸ್ಕ್‌ಗೇ ವಾಪಸ್ ಬೇಕಂದ್ರೆ ಟೆಂಪ್ ಡಾಟ್ ಮೌಂಟ್‌ನ ಸಿಸ್ಟಮ್‌ಸಿಟಿಎಲ್‌ನಲ್ಲಿ ಮಾಸ್ಕ್ ಮಾಡಿ ರೀಬೂಟ್ ಮಾಡಿ. ಎಟ್ಸಿಯಲ್ಲಿರೋ, ಕರ್ನಲ್ (ಸಿಸ್ಟಮ್‌ನ ತಿರುಳು) ಸೆಟ್ಟಿಂಗ್‌ಗಳ ಸಿಸ್‌ಸಿಟಿಎಲ್ ಡಾಟ್ ಕಾನ್ಫ್ ಫೈಲ್‌ನ ಈಗ ಬೂಟ್ ಟೈಮಲ್ಲಿ ಓದೋದಿಲ್ಲ, ಅಲ್ಲಿ ನೀವು ಬರೆದಿರೋ ಸಾಲುಗಳನ್ನ ಸಿಸ್‌ಸಿಟಿಎಲ್ ಡಾಟ್ ಡಿ ಫೋಲ್ಡರ್‌ಗೆ ಸಾಗಿಸಿ. 32 ಬಿಟ್ ಹಳೇ ಮಿಷಿನ್ ಇಟ್ಕೊಂಡಿರೋರು 13ಕ್ಕೆ ಹೋಗಲೇಬೇಡಿ, ಅದಕ್ಕೆ ಕರ್ನಲ್ಲೇ ಕೊಡ್ತಿಲ್ಲ.

ಮರಿಯಾಡಿಬಿ ಅನ್ನೋ ಇನ್ನೊಂದು ಡೇಟಾಬೇಸ್ ಇಟ್ಟಿರೋರು ಇದನ್ನ ಗಮನ ಇಟ್ಟು ಓದಿ, ಕರೆಂಟ್ ಹೇಗೆ ಹೋಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕರೆಂಟ್ ಹೋಗಿ ಧಡಕ್ ಅಂತ ನಿಂತಿರೋ ಡೇಟಾಬೇಸ್‌ನ ಹಾಗೇ ದೊಡ್ಡ ವರ್ಷನ್‌ಗೆ ಎತ್ತಬಾರದು. ಹಳೇ 10.11ರಲ್ಲೇ ಒಂದ್ಸಲ ಸರಿಯಾಗಿ ಸ್ಟಾರ್ಟ್ ಮಾಡಿ, ಅದು ರಿಪೇರಿ ಮಾಡ್ಕೊಂಡ್ಮೇಲೆ ಸರಿಯಾಗಿ ಸ್ಟಾಪ್ ಮಾಡಿ, ಆಮೇಲೆ ಅಪ್‌ಗ್ರೇಡ್. ಯುಪಿಎಸ್ ಬ್ಯಾಟರಿ ಕೂತೋಗಿದ್ರೆ ಮೊದಲು ಅದನ್ನ ಬದಲಿಸಿ. ಹರಾಜಿನ ದಿನ, ಗೂಡು ಬರೋ ದಿನ ಅಪ್‌ಗ್ರೇಡ್ ಶುರು ಮಾಡೋದು ಬೇಡವೇ ಬೇಡ.

ಕಾನ್ಫಿಗ್ ಫೈಲ್ ಬಗ್ಗೆ ವೈ ಒತ್ಲಾ ಎನ್ ಒತ್ಲಾ ಅಂತ ಕೇಳುತ್ತಲ್ಲ, ಸುಮ್ನೆ ಎಂಟರ್ ಹೊಡೆದ್ರೆ ನಿಮ್ಮದೇ ಉಳಿಯುತ್ತೆ, ಅದು ಸರಿ. ಆದ್ರೆ ಹೊಸದು ಡಿಪಿಕೆಜಿ ಡಿಸ್ಟ್ ಅನ್ನೋ ಬಾಲ ಹಚ್ಕೊಂಡು ಪಕ್ಕದಲ್ಲೇ ಇರುತ್ತೆ. ವೈ ಒತ್ತಿದ್ರೆ ನಿಮ್ಮ ಹಳೇದು ಡಿಪಿಕೆಜಿ ಓಲ್ಡ್ ಆಗುತ್ತೆ. ಕೆಲವು ಯುಸಿಎಫ್ ಡಿಸ್ಟ್, ಯುಸಿಎಫ್ ಓಲ್ಡ್ ಅಂತ ಇರ್ತವೆ. ಎಟ್ಸಿ ಪೂರ್ತಿ ಫೈಂಡ್ ಹೊಡೆದು ಈ ಬಾಲಗಳನ್ನೆಲ್ಲ ಪುಸ್ತಕಕ್ಕೆ ಏರಿಸಿ, ಒಂದೊಂದೇ ಡಿಫ್ ನೋಡಿ ತೀರಿಸಿ. ಹಾಗೇ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಸೈಟ್ಸ್ ಎನೇಬಲ್ಡ್ ಒಳಗೆ ಬಿಎಕೆ ಅಂತ ನಕಲು ಇಡೋ ಅಭ್ಯಾಸ ಬಿಡಿ, ಆ ಫೋಲ್ಡರ್‌ನಲ್ಲಿ ಇದ್ದಬದ್ದದ್ದನ್ನೆಲ್ಲ ಅದು ಓದುತ್ತೆ.

ಉಬುಂಟುನವರಿಗೆ ಎರಡು ಮಾತು. ವರ್ಷನ್ ಏರಿಸೋ ಡೂ ರಿಲೀಸ್ ಅಪ್‌ಗ್ರೇಡ್ ಕಮಾಂಡ್‌ನ ಲಾಗ್ ವಾರ್ ಲಾಗ್‌ನಲ್ಲಿ ಡಿಸ್ಟ್ ಅಪ್‌ಗ್ರೇಡ್ ಅನ್ನೋ ಬೇರೆ ಫೋಲ್ಡರ್‌ನಲ್ಲಿರುತ್ತೆ. ಹೊರಗಿನ ರೆಪೊಗಳನ್ನೆಲ್ಲ (ಪ್ಯಾಕೇಜ್ ಇಳಿಸೋ ಜಾಗಗಳು) ಅದು ಆಫ್ ಮಾಡಿ ಹೋಗುತ್ತೆ, ಮತ್ತೆ ಆನ್ ಮಾಡೋದು ನಮ್ಮ ಬಾಕಿ. ಇದನ್ನ ಮರೆತು, ಆ ಪ್ಯಾಕೇಜ್‌ಗೆ ಅಪ್‌ಡೇಟ್ ಬರದೆ ಹಾಗೇ ಓಡಿಸ್ತಿರೋರು ಬೇಕಾದಷ್ಟು ಜನ. ದೂರದಿಂದ ಮಿಷಿನ್ ಒಳಗೆ ಹೋಗೋ ಎಸ್‌ಎಸ್‌ಎಚ್‌ನ ಪೋರ್ಟ್ ಬದಲಿಸಿರೋರು, ಉಬುಂಟು 24.04ರಲ್ಲಿ ಅದು ಸಾಕೆಟ್ ಮೂಲಕ ನಡೆಯುತ್ತೆ ಅನ್ನೋದು ನೆನಪಿಡಿ. ಡೀಮನ್ ರೀಲೋಡ್ ಮಾಡಿ ಎಸ್‌ಎಸ್‌ಎಚ್ ಡಾಟ್ ಸಾಕೆಟ್ ರೀಸ್ಟಾರ್ಟ್ ಮಾಡ್ಬೇಕು, ಬರೀ ಫೈಲ್ ತಿದ್ದಿದ್ರೆ ಸಾಲದು. ಫೋನಿಂದ ಎಸ್‌ಎಸ್‌ಎಚ್ ಹಾಕಿ, ಲೈನ್ ಕಡಿದ್ರೂ ಕೆಲಸ ಓಡಿಸೋ ಟಿಮಕ್ಸ್ ಕೂಡ ಇಲ್ಲದೆ, ಮೈನಸ್ ವೈ (ಕೇಳಿದ್ದಕ್ಕೆಲ್ಲ ಹೂಂ) ಕೊಟ್ಟು ಅಪ್‌ಗ್ರೇಡ್ ಮಾಡೋದನ್ನ ಸ್ಟೇಟಸ್ ಹಾಕ್ಕೊಳ್ಳೋರಿಗೆ ನಾನು ಏನೂ ಹೇಳಲ್ಲ, ಇನ್ನೊಬ್ಬರ ಅಂಗಡಿ ಮಿಷಿನ್‌ನಲ್ಲಿ ಮಾತ್ರ ಅದನ್ನ ಮಾಡಬೇಡಿ. ಕೌಂಟರ್ ಮಿಷಿನ್‌ಗೆ ಡೆಬಿಯನ್ ಸ್ಟೇಬಲ್ ಇಲ್ಲಾ ಉಬುಂಟು ಎಲ್‌ಟಿಎಸ್, ಎರಡೇ. ಆರ್ಚ್ ಲಿನಕ್ಸ್ ನನಗೂ ಇಷ್ಟ, ಮನೇಲಿ ಓಡಿಸ್ತೀನಿ. ಅದರಲ್ಲಿ ಅಪ್‌ಡೇಟ್‌ಗೆ ಮುಂಚೆ ಅವರ ನ್ಯೂಸ್ ಪುಟ ಓದಿ, ಆದ್ಮೇಲೆ ಪ್ಯಾಕ್‌ಡಿಫ್ ಹೊಡೆದು ಪ್ಯಾಕ್‌ನ್ಯೂ (ಹೊಸ ಕಾನ್ಫಿಗ್) ಫೈಲ್‌ಗಳನ್ನ ತೀರಿಸೋ ವ್ಯವಧಾನ ಇರಬೇಕು, ಅಂಗಡಿಯಲ್ಲಿ ಅದು ಯಾರಿಗಿರುತ್ತೆ? ಫೈರ್‌ವಾಲ್‌ಗೆ ಫ್ರೀಬಿಎಸ್‌ಡಿ ಅನ್ನೋ ಬೇರೆ ಸಿಸ್ಟಮ್ ಇಟ್ಟಿರೋರು ಪಿಕೆಜಿ ಇನ್ಫೋ ಮೈನಸ್ ದೊಡ್ಡ ಡಿ, ಮುಂದೆ ಪ್ಯಾಕೇಜ್ ಹೆಸರು ಹೊಡೀರಿ. ಇನ್‌ಸ್ಟಾಲ್ ಟೈಮಲ್ಲಿ ಹೇಳಿದ ಮಾತನ್ನೇ ಮತ್ತೆ ಹೇಳುತ್ತೆ. ಈ ಸೌಕರ್ಯ ಇಷ್ಟು ಸಲೀಸಾಗಿ ಡೆಬಿಯನ್‌ನಲ್ಲೂ ಇರಬೇಕಿತ್ತು.

ಎಲ್ಲ ಮುಗಿದ್ಮೇಲೆ ನೀಡ್‌ರೀಸ್ಟಾರ್ಟ್ ಓಡಿಸಿ, ಹಳೇ ಲೈಬ್ರರಿ ಹಿಡ್ಕೊಂಡೇ ಓಡ್ತಿರೋ ಸರ್ವಿಸ್ ಯಾವುದು ಅಂತ ಪಟ್ಟಿ ಕೊಡುತ್ತೆ. ಐಬಸ್‌ನಲ್ಲಿ ಕನ್ನಡ ಟೈಪಿಂಗ್ ನಿಂತಿದ್ರೆ ಗಾಬರಿ ಬೇಡ, ಒಂದ್ಸಲ ಲಾಗೌಟ್ ಮಾಡಿ ಬನ್ನಿ. ಇನ್ನು ನಿಮ್ಮ ಫೋಟೋದಲ್ಲಿ ಟೇಬಲ್ ಮೇಲೆ ಎಚ್‌ಪಿ ಲೇಸರ್‌ಜೆಟ್ 1020 ಕಂಡ ಹಾಗಾಯ್ತು. ಅದಕ್ಕೆ ಬೇರೆ ಪ್ಲಗಿನ್ ಬೇಕು, ಎಚ್‌ಪಿಎಲ್‌ಐಪಿ (ಎಚ್‌ಪಿ ಪ್ರಿಂಟರ್ ಡ್ರೈವರ್) ವರ್ಷನ್ನಿಗೆ ಪ್ಲಗಿನ್ ವರ್ಷನ್ ಹೊಂದಲೇಬೇಕು. ಅಪ್‌ಗ್ರೇಡ್ ಆದ್ಮೇಲೆ ಪ್ರಿಂಟ್ ಕೊಟ್ರೆ ಲೈಟ್ ಉರಿದು ಪೇಪರ್ ಎಳೀದೇ ಕೂತ್ರೆ ಟೋನರ್ ಬಿಚ್ಚೋಕೆ ಹೋಗಬೇಡಿ. ನೆಟ್ ಇರುವಾಗ ಎಚ್‌ಪಿ ಮೈನಸ್ ಪ್ಲಗಿನ್ ಅನ್ನೋ ಕಮಾಂಡ್ ಹೊಡೆದು ಮತ್ತೆ ಹಾಕ್ಕೊಳ್ಳಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ, ಆಮೇಲೆ 17ರಲ್ಲಿರೋ ಬಿಲ್‌ಗಳ ಪ್ರಿಂಟ್ ತೆಗೀರಿ. ಡ್ರಾಪ್‌ಕ್ಲಸ್ಟರ್ ಅದಾದ ಮೇಲೆ.