ಕತ್ತಲಾದರೆ ಗೇಟಿನ ಕ್ಯಾಮೆರಾ ಮಾತ್ರ ಆಫ್: ಪ್ರತಿಕ್ರಿಯೆ

ಕ್ಯಾಮೆರಾ ಕೆಟ್ಟಿರಲಿಕ್ಕಿಲ್ಲ, ಅದಕ್ಕೆ ಕರೆಂಟ್ ಸಾಲುತ್ತಿಲ್ಲ ಅನ್ನಿಸುತ್ತದೆ. ನಾಲ್ಕರಲ್ಲಿ ಗೇಟಿನದೊಂದೇ ಸಂಜೆ 7ಕ್ಕೆ 'ನೋ ವಿಡಿಯೋ' ಆಗಿ, ಬೆಳಿಗ್ಗೆ ತಾನೇ ಬರುತ್ತದೆ ಅಂದಿರಲ್ವಾ? ಕತ್ತಲಾದಾಗ ಅದರ ಇನ್‌ಫ್ರಾರೆಡ್ ಎಲ್‌ಇಡಿಗಳು (ರಾತ್ರಿ ಚಿತ್ರಕ್ಕೆ ಬೇಕಾದ ಪುಟ್ಟ ದೀಪಗಳು) ಹತ್ತುತ್ತವೆ, ಆಗ ಕರೆಂಟ್ ಜಾಸ್ತಿ ಬೇಕು. ನಿಮ್ಮದು 40 ಮೀಟರ್ ತೆಳು ವೈರ್. ಗೇಟು ಮುಟ್ಟುವಷ್ಟರಲ್ಲಿ ವೋಲ್ಟೇಜ್ 12ಕ್ಕಿಂತ ಕೆಳಗೆ ಇಳಿದಿರುತ್ತದೆ.

ಹಗಲಲ್ಲೇ ಕ್ಯಾಮೆರಾ ಮುಖಕ್ಕೆ ದಪ್ಪ ಕಪ್ಪು ಬಟ್ಟೆ ಸುತ್ತಿ. ಸ್ವಲ್ಪ ಹೊತ್ತಿಗೆ 'ನೋ ವಿಡಿಯೋ' ಬಂತೋ, ಪವರ್‌ದೇ ತಕರಾರು. ಬರಲಿಲ್ಲವೋ, ಪಡಸಾಲೆಯ ಕ್ಯಾಮೆರಾ ತಂದು ಅದೇ ವೈರಿಗೆ ಹಾಕಿ ಒಂದು ರಾತ್ರಿ ನೋಡಿ. ಅದೂ ಆಫ್ ಆದರೆ ವೈರಿನ ಕಡೆಯದೇ ತಕರಾರು, ಆಗದಿದ್ದರೆ ಗೇಟಿನ ಕ್ಯಾಮೆರಾನೇ ನೋಡಬೇಕು.

ವೈರಿನ ಕಡೆಯದಾದರೆ, ಸ್ವಿಚ್ ಆಫ್ ಮಾಡಿ ಡಿಸಿ ಪಿನ್ (ಕ್ಯಾಮೆರಾಕ್ಕೆ ಕರೆಂಟ್ ಕೊಡುವ ಪಿನ್) ಬಿಚ್ಚಿ. ಬಳ್ಳಾರಿಯ ನಮ್ಮನೇಲಿ ಪಿನ್ ಒಳಗೆ ಕೆಂಪು ಧೂಳು ಸೇರಿ, ಮಳೆ ನೀರು ತಾಗಿ ಹಸಿರು ಕಿಲುಬು ಕಟ್ಟಿತ್ತು. ಕೆರೆದು ಹಾಕಿದರೆ ನಾಲ್ಕು ದಿನ ಅಷ್ಟೇ, ಹೊಸದೇ ಹಾಕಿ.

ಪಿನ್ ಚೆನ್ನಾಗಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಬಟ್ಟೆ ಸುತ್ತಿ, ಕ್ಯಾಮೆರಾ ಓಡುತ್ತಿರುವಾಗಲೇ ಪಿನ್ನಿನ ಸ್ಕ್ರೂಗಳ ಮೇಲೆ ಅಳೆಯಬೇಕು. ಬಿಚ್ಚಿಟ್ಟು ಅಳೆದರೆ ಸುಮ್ನೆ 12 ತೋರಿಸಿ ಮೋಸ ಮಾಡುತ್ತದೆ. 11ಕ್ಕಿಂತ ಕೆಳಗಿದ್ದರೆ ಗೇಟಿನ ಹತ್ತಿರವೇ ಬೇರೆ 12 ವೋಲ್ಟ್, 2 ಆಂಪ್ ಅಡಾಪ್ಟರ್ ಕೊಡಿ, ನೀರು ಹೋಗದ ಡಬ್ಬಿಯಲ್ಲಿಟ್ಟು. ವಿಡಿಯೋ ಕೇಬಲ್ ಹಳೇದೇ ಇರಲಿ. ಗೇಟ್ ಲೈಟಿನ ಸ್ವಿಚ್ಚಿಂದ ಮಾತ್ರ ಲೈನ್ ಎಳೆಯಬೇಡಿ, ಲೈಟ್ ಆರಿಸಿದರೆ ಕ್ಯಾಮೆರಾನೂ ಆರುತ್ತದೆ.

ನಿಮ್ಮದು ಡಿವಿಆರ್ (ವಿಡಿಯೋಗೂ ಪವರ್‌ಗೂ ಬೇರೆ ಬೇರೆ ವೈರ್ ಇರುವ ರೆಕಾರ್ಡರ್) ಅಂದುಕೊಂಡು ಇಷ್ಟು ಹೇಳಿದೆ. ಒಂದೇ ನೆಟ್‌ವರ್ಕ್ ಕೇಬಲ್ಲಲ್ಲಿ ಪವರ್ರೂ ಹೋಗುವ ಥರದ್ದಾದರೆ ನೆಟ್‌ವರ್ಕ್ ಸ್ವಿಚ್ಚಿನ (ಆ ಕೇಬಲ್‌ಗಳೆಲ್ಲ ಸೇರುವ ಡಬ್ಬಿ) ಫೋಟೋ ಹಾಕಿ.