ಸನ್ಮಾನ ಅಂದ್ರೆ ಸಿಡುಕೋ ಮಿಲ್ಟ್ರಿ: ಒಂದು ಆಪ್ತಸಲಹೆ ಪ್ರಕರಣ

ಈ ಕೇಸ್ ಬರೆಯೋಕೆ ಗಂಡ ಹೆಂಡ್ತಿ ಇಬ್ರೂ ಒಪ್ಪಿಗೆ ಕೊಟ್ಟಿದಾರೆ, ಆದ್ರೂ ಗುರುತು ಸಿಗಬಾರ್ದು ಅಂತ ಒಂದಷ್ಟು ವಿವರ ಬದಲಾಯಿಸಿದೀನಿ. ಊರಲ್ಲಿ ಎಲ್ರೂ ಅವ್ರನ್ನ ಕರೆಯೋದು ಮಿಲ್ಟ್ರಿ ಅಂತ. ಆಲೂರು, ಸಕಲೇಶಪುರದ ಕಡೆ ಇಂಥ ಮಿಲ್ಟ್ರಿಗಳು ಬೇಕಾದಷ್ಟು ಜನ ಇದಾರೆ, ಹಾಗಾಗಿ ನಾನೂ ಅದೇ ಹೆಸರು ಇಟ್ಕೋತೀನಿ. ವಯಸ್ಸು ನಲವತ್ತೈದರ ಆಸುಪಾಸು, ಹವಾಲ್ದಾರ್ ಆಗಿ ರಿಟೈರ್ ಆದವ್ರು. ಕಾಶ್ಮೀರದ ಕುಪ್ವಾರ ಕಡೆ ಪೆಟ್ರೋಲಿಂಗ್ ಹೋದಾಗ ನೆಲದಲ್ಲಿ ಹೂತಿಟ್ಟ ಮೈನ್ ಸಿಡಿದು ಎಡಗಾಲು ಮೊಣಕಾಲಿಂದ ಕೆಳಗೆ ಹೋಯ್ತು, ಪುಣೆಯಲ್ಲಿ ಕೃತಕ ಕಾಲು ಹಾಕಿದ್ರು, ಆಮೇಲೆ ಕೂತು ಮಾಡೋ ಕೆಲಸ ಕೊಟ್ಟು ಸರ್ವಿಸ್ ಮುಗಿಸೋ ತನಕ ಇಟ್ಕೊಂಡ್ರು.

ನನಗೆ ಫೋನ್ ಮಾಡಿದ್ದು ಹೆಂಡ್ತಿ. "ಮೇಡಂ, ಆಗಸ್ಟ್ ಹದಿನೈದು ಹತ್ರ ಬಂತು ಅಂದ್ರೆ ನಮ್ಮನೆಯವ್ರು ಕುಡಿಯೋದು ಜಾಸ್ತಿ ಮಾಡ್ತಾರೆ. ಈ ಸಲ ಸನ್ಮಾನಕ್ಕೆ ಕರೆಯೋಕೆ ಬಂದೋರನ್ನ ಗೇಟಿಂದ ಹೊರಗೆ ಕಳ್ಸಿದ್ರು. ಹೀಗೆ ಎಲ್ರನ್ನೂ ಬೈದು ಕಳ್ಸಿದ್ರೆ ನಾಳೆ ಮಗಳ ಕಾಲೇಜ್ ಫೀಸ್‌ಗೆ ಯಾರ್ ನಿಲ್ತಾರೆ ಹೇಳಿ?"

ಬಂದೋರು ಅಲ್ಲಿನ ಒಂದು ಟ್ರಸ್ಟ್‌ನವ್ರು. ಒಳ್ಳೆ ಜನಾನೇ. ಹಿಂದೆ ಒಂದು ವೀಲ್‌ಚೇರ್ ಕೊಟ್ಟಿದ್ರು, ಅದರ ಬೆನ್ನಿಗೆ ಟ್ರಸ್ಟ್ ಹೆಸರು ದೊಡ್ಡಕ್ಷರದಲ್ಲಿ ಬರೆಸಿತ್ತು, ಪ್ರತಿ ವರ್ಷ ಕಾರ್ಯಕ್ರಮಕ್ಕೆ ಅದರಲ್ಲೇ ಕೂರಿಸ್ಕೊಂಡು ಸ್ಟೇಜ್ ಹತ್ತಿಸ್ತಿದ್ರು, ಶಾಲು, ಪೇಟ, ಹಣ್ಣಿನ ಬುಟ್ಟಿ, ಫೋಟೋ. ಮಿಲ್ಟ್ರಿಯವ್ರು ನನ್ನ ಮುಂದೆ ಕೂತಾಗ ಮೊದಲು ಹೇಳಿದ್ದೇ ಇದು: "ನನಗೆ ಕಾಲಿದೆ ಮೇಡಂ, ಅದು ಸರಿಯಾಗಿ ಕೂರ್ತಿಲ್ಲ ಅಷ್ಟೇ. ಕುರ್ಚಿ ಯಾರ್ ಕೇಳಿದ್ರು?"

ಅಂದು ಪ್ಯಾಂಟ್ ಮೇಲೆತ್ತಿ, ಕಾಲು ಬಿಚ್ಚಿ ತೋರಿಸಿದ್ರು. ಸಾಕೆಟ್, ಅಂದ್ರೆ ಉಳಿದ ಕಾಲು ಕೂರೋ ಕೃತಕ ಕಾಲಿನ ಮೇಲ್ಭಾಗ, ಸಡಿಲ ಆಗಿದೆ ಅಂತ ಒಂದರ ಮೇಲೊಂದು ಉಲ್ಲನ್ ಸಾಕ್ಸ್ ಏರಿಸಿದ್ರು, ಮೇಲಿನದ್ದು ಮಗಳ ಹಳೇ ಸ್ಕೂಲ್ ಸಾಕ್ಸ್, ಬೆರಳಿನ ಕಡೆ ಕತ್ತರಿಸಿದ್ದು. ತುದಿಯಲ್ಲಿ ಚರ್ಮ ಕೆಂಪಾಗಿ ಒಂದು ಕಡೆ ಒಡೆದಿತ್ತು. ಕತ್ತರಿಸಿದ ಕಾಲಿನ ಸ್ನಾಯು ವರ್ಷ ಕಳೆದ ಹಾಗೆ ಸಣ್ಣಗಾಗುತ್ತೆ, ಸಾಕೆಟ್ ಮತ್ತೆ ಅಳತೆ ತಗೊಂಡು ಮಾಡಿಸ್ಲೇಬೇಕು, ಇದು ಅವ್ರಿಗೂ ಗೊತ್ತು. ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರ್ 1944ರಿಂದ ಇದೇ ಕೆಲಸ ಮಾಡ್ತಿದೆ, ಮಾಜಿ ಸೈನಿಕರು ಅಲ್ಲಿಗೆ ಮತ್ತೆ ಹೋಗ್ಬಹುದು. ಯಾಕೆ ಹೋಗ್ಲಿಲ್ಲ ಅಂದ್ರೆ ಸುಮ್ನಾದ್ರು.

ಕಾರಣ ಹೊರಗೆ ಬರೋಕೆ ಟೈಮ್ ತಗೊಂತು. ರಾತ್ರಿ ಹೊತ್ತು ಇಲ್ಲದ ಕಾಲಿನ ಹೆಬ್ಬೆರಳು ಉರಿಯುತ್ತೆ, ಯಾರೋ ಹಿಡಿದು ತಿರುಚಿದ ಹಾಗಾಗುತ್ತೆ, ಪುಣೆಗೆ ಹೋಗಿ ಇದನ್ನ ಹೇಳಿದ್ರೆ ತಲೆ ಕೆಟ್ಟಿದೆ ಅಂತ ಬರೆದುಬಿಡ್ತಾರೆ ಅನ್ನೋ ಭಯ. ಹೆಂಡ್ತಿಗೂ ಹೇಳಿರ್ಲಿಲ್ಲ. ಮಿಲಿಟರಿ ಕ್ಯಾಂಟೀನ್ ಕಾರ್ಡಿಗೆ ಬರೋ ರಮ್ಮೇ ಔಷಧಿ ಆಗಿತ್ತು. ಅದರ ಜೊತೆಗೆ ನಮ್ಮ ಕಡೆ ಕಾಡಾನೆ ಓಡ್ಸೋಕೆ ರಾತ್ರಿ ಪಟಾಕಿ ಹೊಡೀತಾರಲ್ಲ, ಆ ಸದ್ದಿಗೆ ಎದ್ದು ಮಂಚದ ಕೆಳಗೆ ಕೂತಿರ್ತಿದ್ರಂತೆ, ಬೆವರು, ಎದೆ ಬಡಿತ, ಮತ್ತೆ ಬೆಳಗಿನ ತನಕ ನಿದ್ದೆ ಇಲ್ಲ.

ಇದು ಹುಚ್ಚಲ್ಲ, ಇದಕ್ಕೆ ಫ್ಯಾಂಟಮ್ ನೋವು ಅಂತಾರೆ, ಕಾಲು ಹೋದ್ರೂ ಮೆದುಳಲ್ಲಿ ಆ ಕಾಲಿನ ಜಾಗ ಹಾಗೇ ಇರುತ್ತೆ, ಅಂಗ ಕಳ್ಕೊಂಡ ಹೆಚ್ಚಿನೋರಿಗೆ ಒಂದಲ್ಲ ಒಂದು ರೀತಿ ಇದು ಬರುತ್ತೆ ಅಂತ ವಿವರಿಸ್ದೆ. ಅವ್ರು ಕೇಳಿದ್ದು ಒಂದೇ ಪ್ರಶ್ನೆ, "ಬೇರೆಯವ್ರಿಗೂ ಬರುತ್ತಾ?" 90ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಶುರು ಮಾಡಿದ ಕನ್ನಡಿ ವಿಧಾನಾನೂ ಹೇಳ್ದೆ: ಎರಡು ಕಾಲಿನ ಮಧ್ಯೆ ಕನ್ನಡಿ ಇಟ್ಟು, ಒಳ್ಳೆ ಕಾಲಿನ ಬಿಂಬ ಇನ್ನೊಂದು ಕಾಲಿನ ಜಾಗದಲ್ಲಿ ಕಾಣೋ ಹಾಗೆ ಕೂತು, ನಿಧಾನಕ್ಕೆ ಪಾದ ಆಡಿಸೋದು. ಎಲ್ರಿಗೂ ಕೆಲಸ ಮಾಡಲ್ಲ, ಆದ್ರೆ ಖರ್ಚಿಲ್ಲ, ಫಿಸಿಯೋಥೆರಪಿಸ್ಟ್ ಹತ್ರ ಒಂದ್ಸಲ ಕಲಿತು ಮನೇಲೇ ಮಾಡ್ಬಹುದು. ನರದ ನೋವಿಗೆ ಮಾತ್ರೆಗಳೂ ಇವೆ, ಅದು ಡಾಕ್ಟರ್ ಹೇಳ್ಬೇಕು.

ಕುಡಿತದ ಬಗ್ಗೆ ನಾನು ಸ್ಟ್ರಿಕ್ಟ್ ಆಗಿ ಹೇಳಿದ್ದು ಒಂದೇ, ನಾಳೆಯಿಂದ ಬಿಡ್ತೀನಿ ಅಂತ ಶಪಥ ಮಾಡ್ಬೇಡಿ. ದಿನಾ ಕುಡಿಯೋ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದ್ರೆ ಕೈ ನಡುಗೋದ್ರಿಂದ ಹಿಡಿದು ಫಿಟ್ಸ್ ತನಕ ಆಗ್ಬಹುದು. ಇಸಿಎಚ್ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ಗೆ ಹೋಗಿ, ರೆಫರಲ್ ತಗೊಂಡು ಮನೋವೈದ್ಯರ ನಿಗಾದಲ್ಲೇ ಬಿಡ್ಬೇಕು. ರಾತ್ರಿ ತಡೆಯೋಕಾಗ್ದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಅವ್ರ ಮೊಬೈಲ್‌ನಲ್ಲಿ ಹೆಂಡ್ತಿ ಕೈಯಲ್ಲೇ ನಂಬರ್ ಸೇವ್ ಮಾಡಿಸ್ದೆ.

ಇನ್ನು ದುಡ್ಡಿನ ವಿಷ್ಯ. ನನಗನ್ಸೋ ಪ್ರಕಾರ ಈ ಕೇಸಿನ ಗಂಟು ಇದ್ದಿದ್ದೇ ಇಲ್ಲಿ. ಆ ಮನೇಲಿ ಹಕ್ಕು ಯಾವುದು ದಾನ ಯಾವುದು ಅನ್ನೋದು ಕಲಸುಮೇಲೋಗರ ಆಗಿತ್ತು, ಎಲ್ಲಾನೂ ಯಾರೋ ಪುಣ್ಯಾತ್ಮರು ಕೊಟ್ಟಿದ್ದು ಅನ್ನೋ ಹಾಗೆ ಊರೂ ಮಾತಾಡ್ತಿತ್ತು. ಹಾಗಾಗಿ ಪಿಪಿಓ (ಪೆನ್ಷನ್ ಆದೇಶದ ಪತ್ರ), ಡಿಸ್ಚಾರ್ಜ್ ಬುಕ್ ಎಲ್ಲ ತಗೊಂಡು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಇಬ್ರೂ ಹೋಗ್ಬೇಕು, ಗಾಯದ ಪೆನ್ಷನ್ ಸರಿಯಾಗಿ ಸೇರ್ತಿದ್ಯಾ ನೋಡಿಸ್ಬೇಕು ಅಂದೆ. ಮಗಳು ಇಂಜಿನಿಯರಿಂಗ್ ಫಸ್ಟ್ ಇಯರ್, ಪಿಯುಸಿಲಿ ಒಳ್ಳೆ ಮಾರ್ಕ್ಸ್. ಮಾಜಿ ಸೈನಿಕರ ಮಕ್ಕಳಿಗೆ ಪ್ರಧಾನಮಂತ್ರಿ ಸ್ಕಾಲರ್‌ಶಿಪ್ ಅಂತ ಇದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ, ಆದ್ರೆ ಮೊದಲನೇ ವರ್ಷದಲ್ಲೇ ಅರ್ಜಿ ಹಾಕ್ಬೇಕು. ಮನೇಲಿ ಯಾರಿಗೂ ಗೊತ್ತೇ ಇರ್ಲಿಲ್ಲ!

ಮಿಲ್ಟ್ರಿಯವ್ರು ಎಲ್ಲಾ ಸಹಾಯಾನೂ ಬೇಡ ಅಂತಾರೆ ಅಂತ ಹೆಂಡ್ತಿ ಹೇಳಿದ್ದೂ ಪೂರ್ತಿ ನಿಜ ಅಲ್ಲ. ಸೈನಿಕರ ಕುಟುಂಬಗಳಿಗಾಗಿ ಜನರಿಂದ ದೇಣಿಗೆ ಎತ್ತೋ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ 1949ರಿಂದ ನಡೀತಿದೆ, ಆ ಫಂಡಿಂದ ಏನಾದ್ರೂ ಬಂದ್ರೆ ತಗೋತೀರಾ ಅಂದೆ. "ತಗೋತೀನಿ. ಅದ್ರಲ್ಲಿ ಕೊಟ್ಟೋರ ಮುಖ ಇರಲ್ಲ" ಅಂದ್ರು.

ಇನ್ನೊಂದು ಕಿರಿಕಿರಿ ವಾಟ್ಸಾಪ್‌ದು. ನಾಗಾಲ್ಯಾಂಡ್‌ನ ಸೈನಿಕ ಹೊಕಾಟೊ ಸೇಮ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಶಾಟ್‌ಪುಟ್ ಕಂಚು ಗೆದ್ದಾಗ ನೆಂಟರೆಲ್ಲ ವಿಡಿಯೋ ಕಳ್ಸಿ "ನೋಡಿ ಕಲೀರಿ" ಅಂದಿದ್ರಂತೆ. ಸೇಮ ಅವ್ರೂ ಮೈನ್‌ನಲ್ಲೇ ಕಾಲು ಕಳ್ಕೊಂಡಿದ್ದು, 2002ರಲ್ಲಿ. ಗುಂಡು ಎಸೆಯೋಕೆ ಶುರು ಮಾಡಿದ್ದು 2016ರಲ್ಲಿ. ಮಧ್ಯದ ಆ ಹದಿನಾಲ್ಕು ವರ್ಷದ ವಿಡಿಯೋ ಯಾರೂ ಫಾರ್ವರ್ಡ್ ಮಾಡಲ್ಲ ಅಲ್ವಾ ಅಂದೆ, ಮಿಲ್ಟ್ರಿಯವ್ರು ಮೊದಲ ಸಲ ನಕ್ಕಿದ್ದು ಆಗ್ಲೇ.

ಟ್ರಸ್ಟ್‌ನವ್ರ ಹತ್ರ ಮಿಲ್ಟ್ರಿಯವ್ರ ಒಪ್ಪಿಗೆ ತಗೊಂಡೇ ಮಾತಾಡ್ದೆ. ಸನ್ಮಾನದ ಖರ್ಚಲ್ಲಿ ಪುಣೆಗೆ ಇಬ್ರ ಟ್ರೈನ್ ಟಿಕೆಟ್, ಅಲ್ಲಿ ಹೆಂಡ್ತಿ ಉಳ್ಕೊಳ್ಳೋಕೆ ರೂಮು ಮಾಡಿಕೊಡಿ, ಫೋಟೋ ಬೇಡ ಅಂತ ಕೇಳ್ದೆ. ಅಧ್ಯಕ್ಷರು ಸ್ವಲ್ಪ ಮುಖ ಸಣ್ಣ ಮಾಡ್ಕೊಂಡ್ರು. ಫೋಟೋ ಇಲ್ದೆ ದಾನಿಗಳಿಗೆ ಲೆಕ್ಕ ತೋರ್ಸೋದು ಹೇಗೆ ಅನ್ನೋದು ಅವ್ರ ಕಷ್ಟ, ಅದೂ ಸುಳ್ಳಲ್ಲ. ಟಿಕೆಟ್ ಬಿಲ್ಲು, ರೂಮ್ ರಸೀದಿ ಸಾಕು ಅಂತ ಕೊನೆಗೆ ಒಪ್ಕೊಂಡ್ರು. ಹೀಗೆ ಸಹಾಯ ಮಾಡೋ ಮನಸ್ಸಿರೋರು ಮೊದಲು ಆ ಮನುಷ್ಯನ್ನೇ ಕೇಳಿ ಅನ್ನೋದು ನನ್ನ ಸಲಹೆ, ಸ್ಟೇಜ್ ಮೇಲೆ ಅಲ್ಲ, ಮನೇಲಿ ಕೂತು.

ಈಗ ಪುಣೆಗೆ ಹೋಗಿ ಬಂದಿದಾರೆ, ಹೊಸ ಸಾಕೆಟ್ ಬಂದಿದೆ, ಗಾಯ ಒಣಗಿದೆ. ಕುಡಿತ ಪೂರ್ತಿ ನಿಂತಿಲ್ಲ, ಮಧ್ಯೆ ಒಂದ್ಸಲ ಜಾರಿದ್ರು, ಮಾತ್ರೆ ನಡೀತಿದೆ. ಆನೆ ಬಂದಾಗ ಪಟಾಕಿ ಹೊಡೆಯೋ ಮುಂಚೆ ಪಕ್ಕದ ತೋಟದ ಹುಡುಗ ಫೋನ್ ಮಾಡಿ ಹೇಳ್ತಾನಂತೆ, ಮಿಲ್ಟ್ರಿಯವ್ರೇ ಹೋಗಿ ಕೇಳ್ಕೊಂಡಿದ್ದು. ಹೆಂಡ್ತಿ ಜೊತೆ ಬೇರೆ ಸೆಷನ್ ಶುರು ಮಾಡಿದೀವಿ, ಇಷ್ಟು ವರ್ಷ ಅವ್ರ ನಿದ್ದೆಯನ್ನ ಯಾರೂ ವಿಚಾರಿಸಿರ್ಲಿಲ್ಲ.